ಕರಿಮದ್ದಿನ ರಾಕೆಟ್ ಮೋಟಾರಿನ ಒಳಗೆ

ಕೇಳುಗರೇ, ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಜಾತ್ರೆ, ರಥೋತ್ಸವಗಳ ರಾತ್ರಿ ಸುಡುಮದ್ದಿನ ಸದ್ದಿಲ್ಲದೆ ಕಳೆಯುವುದು ಅಪರೂಪ. ಗರ್ನಾಲು ಸಿಡಿಯುವುದನ್ನೂ ರಾಕೆಟ್ಟು ಮೇಲೇರುವುದನ್ನೂ ನಾವು ಒಂದೇ ಕೌತುಕದಿಂದ ನೋಡುತ್ತೇವೆ. ಆದರೆ ಎರಡರ ಒಳಗೂ ನಡೆಯುವ ಕೆಲಸ ಬೇರೆ. ಗರ್ನಾಲಿನಲ್ಲಿ ಮದ್ದು ಉರಿದು ಹುಟ್ಟಿದ ಅನಿಲಕ್ಕೆ ಹೊರದಾರಿಯಿಲ್ಲದೆ ಕವಚವೇ ಒಡೆಯುತ್ತದೆ. ರಾಕೆಟ್ಟಿನಲ್ಲಾದರೋ ಕೊಳವೆಯ ಒಂದು ತುದಿಯಲ್ಲಿ ಕಿರಿದಾದ ಬಾಯಿ, ಅಂದರೆ ನಾಝಲ್, ಇರುವುದರಿಂದ ಅನಿಲವು ಅಲ್ಲಿಂದ ರಭಸವಾಗಿ ಹಿಂದಕ್ಕೆ ನುಗ್ಗುತ್ತದೆ ಮತ್ತು ಅದರ ಪ್ರತಿಕ್ರಿಯೆಯಾಗಿ ಕೊಳವೆ ಮುಂದಕ್ಕೆ ಚಿಮ್ಮುತ್ತದೆ. ಈ ಕೊಳವೆಯನ್ನೇ ರಾಕೆಟ್ ಹವ್ಯಾಸಿಗಳು ಮೋಟಾರು ಎನ್ನುತ್ತಾರೆ. ತಿರುಗುವ ಒಂದು ಭಾಗವೂ ಇಲ್ಲದ ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಅದನ್ನು ಮನೆಯಲ್ಲಿ ಮಾಡಲು ಹೊರಡುವುದು ಏಕೆ ಸಲ್ಲದು ಎಂಬುದು ಇಂದಿನ ವಿಷಯ.

ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಇದ್ದಿಲು ಮುಖ್ಯ ಇಂಧನ. ಗಂಧಕವೂ ಇಂಧನವೇ, ಜೊತೆಗೆ ಬೆಂಕಿ ಬೇಗ ಹತ್ತುವಂತೆ ಮಾಡುತ್ತದೆ. ಪೆಟ್ಲುಪ್ಪು ಆಮ್ಲಜನಕವನ್ನು ಒದಗಿಸುತ್ತದೆ. ಉರಿಯಲು ಬೇಕಾದ ಆಮ್ಲಜನಕ ಮದ್ದಿನಲ್ಲೇ ಇರುವುದರಿಂದ ಅದು ಹೊರಗಿನ ಗಾಳಿಯನ್ನು ಕಾಯುವುದಿಲ್ಲ, ಮುಚ್ಚಿದ ಕೊಳವೆಯಲ್ಲೂ ಉರಿಯುತ್ತದೆ. ಅದರ ಶಕ್ತಿಯ ಮೂಲವೂ ಇದೇ, ಅಪಾಯದ ಮೂಲವೂ ಇದೇ.

ಮೋಟಾರಿನ ಸ್ವಭಾವವನ್ನು ನಿರ್ಧರಿಸುವುದು ಒಳಗೆ ಎಷ್ಟು ಮದ್ದಿದೆ ಎಂಬುದಕ್ಕಿಂತ ಹೆಚ್ಚಾಗಿ, ಯಾವುದೇ ಕ್ಷಣದಲ್ಲಿ ಅದರ ಎಷ್ಟು ಮೇಲ್ಮೈ ಉರಿಯುತ್ತಿದೆ ಎಂಬುದು. ಬಚ್ಚಲೊಲೆಯಲ್ಲಿ ನಿಧಾನವಾಗಿ ಉರಿಯುವ ಕೊರಡನ್ನೇ ಸಣ್ಣದಾಗಿ ಸೀಳಿ ಒಡ್ಡಿದರೆ ಧಗ್ಗನೆ ಹೊತ್ತಿಕೊಳ್ಳುತ್ತದೆಯಲ್ಲ, ಇಲ್ಲಿಯೂ ನಿಯಮ ಅದೇ. ಗಟ್ಟಿಯಾಗಿ ಒತ್ತಿದ ಮದ್ದು ಒಂದು ತುದಿಯಿಂದ ಮಾತ್ರ ಉರಿಯುತ್ತ ಹೋದರೆ ನೂಕುಬಲ ಸಣ್ಣದಾಗಿ, ಹೆಚ್ಚು ಹೊತ್ತು ದೊರೆಯುತ್ತದೆ. ನಡುವೆ ಪೊಳ್ಳು ಬಿಟ್ಟಿದ್ದರೆ ಒಳಗೋಡೆಯೆಲ್ಲ ಒಮ್ಮೆಗೇ ಹೊತ್ತಿ, ನೂಕುಬಲ ದೊಡ್ಡದಾಗಿ ಸ್ವಲ್ಪವೇ ಹೊತ್ತು ಇರುತ್ತದೆ. ಉಪಗ್ರಹ ಹೊರುವ ರಾಕೆಟ್ಟುಗಳ ಘನ ಇಂಧನದ ನಡುವೆಯೂ ಲೆಕ್ಕ ಹಾಕಿ ಕೊರೆದ ಪೊಳ್ಳು ಇರುವುದು ಇದೇ ಕಾರಣಕ್ಕೆ.

ಈಗ ಆ ಗಟ್ಟಿ ಮದ್ದಿನೊಳಗೆ ಕಣ್ಣಿಗೆ ಕಾಣದ ಒಂದು ಬಿರುಕು ಇದೆ ಎಂದುಕೊಳ್ಳೋಣ. ಉರಿ ಬಿರುಕನ್ನು ಮುಟ್ಟಿದೊಡನೆ ಉರಿಯುವ ಮೇಲ್ಮೈ ಹಠಾತ್ತನೆ ಹಿಗ್ಗುತ್ತದೆ, ಅನಿಲ ಹೆಚ್ಚುತ್ತದೆ, ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಮದ್ದು ಉರಿಯುವ ವೇಗವೂ ಏರುತ್ತದೆ. ಒಂದು ಇನ್ನೊಂದನ್ನು ನೂಕುತ್ತ ಹೋಗುವ ಈ ಸರಪಳಿ ಮುಗಿಯಲು ಕ್ಷಣವೂ ಬೇಡ. ರಾಕೆಟ್ಟು ಆಗಬೇಕಾಗಿದ್ದದ್ದು ಗರ್ನಾಲಾಗುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಮೋಟಾರು ಕೂಡ ಬಿಸಿಲಿಗೂ ತಂಪಿಗೂ ಮತ್ತೆ ಮತ್ತೆ ಒಡ್ಡಿಕೊಂಡರೆ ಮದ್ದು ಕವಚದಿಂದ ಬಿಟ್ಟುಕೊಂಡು ಹೀಗೆಯೇ ಒಡೆಯಬಹುದು.

ಅಮೆರಿಕದಲ್ಲಿ 1950ರ ದಶಕದ ಕೊನೆಯಲ್ಲಿ ಮಾದರಿ ರಾಕೆಟ್ಟಿನ ಹವ್ಯಾಸ ಬೆಳೆದದ್ದರ ಹಿಂದೆ ಈ ಭಯವೇ ಇತ್ತು. ಸ್ಪುಟ್ನಿಕ್ ಉಪಗ್ರಹ ಹಾರಿದ ಉತ್ಸಾಹದಲ್ಲಿ ಹುಡುಗರು ತಾವೇ ಇಂಧನ ಬೆರೆಸಲು ಹೋಗಿ ಗಾಯಗೊಳ್ಳುತ್ತಿದ್ದಾಗ, ಓರ್ವಿಲ್ ಕಾರ್ಲೈಲ್ ಮತ್ತು ಹ್ಯಾರಿ ಸ್ಟೈನ್ ಎಂಬವರು ಸಿದ್ಧ ಮೋಟಾರನ್ನು ಕೊಂಡು ಹಗುರವಾದ ಕಾಗದದ ರಾಕೆಟ್ಟಿಗೆ ಅಳವಡಿಸುವ ಪದ್ಧತಿಯನ್ನು ಬಳಕೆಗೆ ತಂದರು. ವರ್ನ್ ಎಸ್ಟೆಸ್ ಅಂಥ ಮೋಟಾರುಗಳನ್ನು ತಯಾರಿಸುವ ಯಂತ್ರವನ್ನೇ ಕಟ್ಟಿದರು. ಅವುಗಳ ಕವಚದ ಮೇಲೆ ಸಿ6-5 ಎಂಬಂಥ ಗುರುತು ಇರುತ್ತದೆ. ಸಿ ಅಕ್ಷರವು ಒಟ್ಟು ಆವೇಗ, ಅಂದರೆ ಸರಾಸರಿ ನೂಕುಬಲವನ್ನು ಅದು ಇರುವ ಹೊತ್ತಿನಿಂದ ಗುಣಿಸಿದ ಮೊತ್ತ, 10 ನ್ಯೂಟನ್ ಸೆಕೆಂಡನ್ನು ಮೀರದು ಎನ್ನುತ್ತದೆ. 6 ಸರಾಸರಿ ನೂಕುಬಲದ ನ್ಯೂಟನ್ ಲೆಕ್ಕ. ಕೊನೆಯ 5 ಎಂದರೆ ನೂಕು ಮುಗಿದು ಐದು ಸೆಕೆಂಡಿನ ಬಳಿಕ ಪ್ಯಾರಾಚೂಟನ್ನು ಹೊರತಳ್ಳುವ ಕಿರುಮದ್ದು ಹೊತ್ತುತ್ತದೆ ಎಂದರ್ಥ. ಆ ಐದು ಸೆಕೆಂಡು ರಾಕೆಟ್ಟು ಹೊಗೆ ಬಿಡುತ್ತ, ಬಂದ ವೇಗದ ಬಲದಿಂದಲೇ ಏರುತ್ತಿರುತ್ತದೆ. ಬೆರಳುದ್ದದ ಕಾಗದದ ಕೊಳವೆಯೊಂದರಲ್ಲಿ ಇಷ್ಟು ಕೆಲಸಗಳು ಸಾಲಾಗಿ ನಡೆಯುವುದು ನನಗಂತೂ ಮನುಷ್ಯನ ಅಚ್ಚುಕಟ್ಟುತನದ ಒಂದು ಉತ್ತಮ ಮಾದರಿ.

ನಮ್ಮ ನೆಲಕ್ಕೂ ಈ ವಿದ್ಯೆಗೂ ಹಳೆಯ ನಂಟಿದೆ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದವರು ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿ, ಅದಕ್ಕೆ ಉದ್ದನೆಯ ಬಿದಿರು ಕಟ್ಟಿ ಹಾರಿಸುತ್ತಿದ್ದರು. ಕಾಗದದ ಕವಚ ತಾಳದ ಒತ್ತಡವನ್ನು ಕಬ್ಬಿಣ ತಾಳುತ್ತಿದ್ದುದರಿಂದಲೇ ಅವು ದೂರ ಹೋಗುತ್ತಿದ್ದವು. 1780ರ ಪೊಳ್ಳಿಲೂರು ಯುದ್ಧದಲ್ಲಿ ಅವುಗಳ ಏಟು ತಿಂದ ಇಂಗ್ಲಿಷರು ಮುಂದೆ ಅದೇ ಮಾದರಿಯಿಂದ ಕಾಂಗ್ರೀವ್ ರಾಕೆಟ್ಟನ್ನು ರೂಪಿಸಿಕೊಂಡರು. ಘಟ್ಟದ ಮೇಲಿನ ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಪುರಾತತ್ತ್ವ ಇಲಾಖೆಯವರು ಪಾಳುಬಾವಿಯೊಂದನ್ನು ಅಗೆದಾಗ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಆದರೆ ಲೋಹದ ಕವಚ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಯುದ್ಧಕ್ಕೆ ಒದಗಿದ ಗುಣ ಹವ್ಯಾಸಕ್ಕೆ ಸಲ್ಲದು.

ಮದ್ದು ಬೆರೆಸುವ ಕೆಲಸದಲ್ಲಿ ಒಂದು ಕಿಡಿ ಸಾಕು, ಒಂದು ಉಜ್ಜು ಸಾಕು. 2024ರ ಜನವರಿಯಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪದ ಸುಡುಮದ್ದು ತಯಾರಿಕಾ ಘಟಕದಲ್ಲಿ ಸಂಭವಿಸಿದ ಸ್ಫೋಟಕ್ಕೆ ಮೂವರು ಬಲಿಯಾದರು. ಇದನ್ನೇ ಕಸುಬಾಗಿ ಮಾಡುವಲ್ಲಿಯೇ ಹೀಗಾದರೆ, ಕಾಲೇಜು ಹುಡುಗನೊಬ್ಬ ಅಡುಗೆಕೋಣೆಯ ಮೇಜಿನ ಮೇಲೆ ಏನನ್ನು ನಂಬಿ ಕೈಹಾಕಬೇಕು? 1884ರ ಸ್ಫೋಟಕಗಳ ಕಾಯ್ದೆ ಮತ್ತು 2008ರ ನಿಯಮಗಳಂತೆ ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು ಅಪರಾಧವೂ ಹೌದು.

ಮೋಟಾರಿನ ವಿಜ್ಞಾನವನ್ನು ಕೈಯಾರೆ ಕಲಿಯಬೇಕೆಂಬ ಹಂಬಲವುಳ್ಳವರಿಗೆ ನೀರಿನ ರಾಕೆಟ್ಟು ಇದೆ. ಸೋಡಾ ತುಂಬಿ ಬರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರರಲ್ಲೊಂದು ಪಾಲು ನೀರು ತುಂಬಿ, ಬಾಯಿಗೆ ಬಿರಡೆ ಬಿಗಿದು, ಬಾಯಿ ಕೆಳಗಾಗುವಂತೆ ನಿಲ್ಲಿಸಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ ಬಿಟ್ಟರೆ ನೀರು ಹಿಂದಕ್ಕೆ ಚಿಮ್ಮಿ ಬಾಟಲಿ ಮೇಲಕ್ಕೇರುತ್ತದೆ. ಬಾಟಲಿ ಗೀರಿದ್ದರೆ ಬಳಸಬಾರದು, ಗಾಳಿ ಒತ್ತುವಾಗ ಎಲ್ಲರೂ ಉದ್ದನೆಯ ಹಗ್ಗದಷ್ಟು ದೂರ ನಿಲ್ಲಬೇಕು, ಕಣ್ಣಿಗೆ ಕನ್ನಡಕವಿರಬೇಕು, ಹಿರಿಯರೊಬ್ಬರು ಜೊತೆಗಿರಬೇಕು. ಕೊಯ್ಲು ಮುಗಿದ ಬೈಲುಗದ್ದೆ ಇದಕ್ಕೆ ಒಳ್ಳೆಯ ಜಾಗ. ಕಡಲತೀರದಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಬಲವಾಗಿ ದಿಕ್ಕು ಕೆಡಿಸುತ್ತದೆ, ಬಜ್ಪೆಯ ವಿಮಾನ ನಿಲ್ದಾಣದ ಆಸುಪಾಸಿನಲ್ಲಂತೂ ಹಾರಿಸಲೇಬಾರದು.

ಹಾರಿಸುವ ಜಾಗದಿಂದ 50 ಮೀಟರು ದೂರದಲ್ಲಿ ಒಬ್ಬರು ಕೋನಮಾಪಕಕ್ಕೆ ತೂಗುದಾರ ಕಟ್ಟಿಕೊಂಡು ನಿಲ್ಲಲಿ. ರಾಕೆಟ್ಟು ತುದಿ ಮುಟ್ಟಿದಾಗ ಕೋನ 45 ಡಿಗ್ರಿ ಕಂಡರೆ ಅದು ಅವರ ಕಣ್ಣಿನ ಮಟ್ಟಕ್ಕಿಂತ 50 ಮೀಟರು ಎತ್ತರಕ್ಕೆ ಏರಿದೆ ಎಂದರ್ಥ. ಗಾಳಿಯ ಒತ್ತಡವನ್ನು ಬದಲಿಸದೆ ನೀರನ್ನು ಕಾಲುಭಾಗಕ್ಕೆ ಇಳಿಸಿ ನೋಡಿ, ಅರ್ಧಕ್ಕೆ ಏರಿಸಿ ನೋಡಿ, ಪ್ರತಿ ಸಲದ ಎತ್ತರವನ್ನು ಬರೆದಿಡಿ. ನೀರು ಕಡಿಮೆಯಾದರೆ ಹಿಂದಕ್ಕೆ ತಳ್ಳಲು ತೂಕ ಸಾಲದು, ಹೆಚ್ಚಾದರೆ ತಳ್ಳುವ ಗಾಳಿಗೆ ಜಾಗ ಸಾಲದು. ಇವೆರಡರ ನಡುವೆ ನಿಮ್ಮ ಬಾಟಲಿಗೆ ಸರಿಹೊಂದುವ ಪ್ರಮಾಣ ಯಾವುದೆಂಬುದನ್ನು ನೀವು ಬರೆದಿಟ್ಟ ಅಂಕಿಗಳೇ ತೋರಿಸುತ್ತವೆ.