ನೂರು ದಿನದ ಕೂಲಿ

ಕೇಳುಗರಿಗೆ ನಮಸ್ಕಾರ.

ಚರ್ಚಿನಲ್ಲಿ ಭಾನುವಾರದ ಪೂಜೆಯಲ್ಲಿ ಒಂದು ಗಳಿಗೆ ಬರುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರ ಮುಗಿದು ಸ್ವಲ್ಪ ಹೊತ್ತಿಗೆ, ಶಾಂತಿ ಹಂಚಿಕೊಳ್ಳಿ ಎಂದು ಗುರುಗಳು ಹೇಳುತ್ತಾರೆ. ನಾವೆಲ್ಲ ಅಕ್ಕಪಕ್ಕದವರಿಗೆ, ಹಿಂದೆ ಮುಂದೆ ಇರುವವರಿಗೆ ಕೈ ಮುಗಿಯುತ್ತೇವೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ನನಗೆ ನಾಲ್ಕು ವರ್ಷ ದೊಡ್ಡ ಕಷ್ಟವಾಗಿತ್ತು. ನಮ್ಮಣ್ಣ ಎರಡು ಬೆಂಚು ಹಿಂದೆ ಕೂರುತ್ತಿದ್ದರು. ಎಡಕ್ಕೆ ಕೈ ಮುಗಿಯುತ್ತಿದ್ದೆ, ಬಲಕ್ಕೆ ಮುಗಿಯುತ್ತಿದ್ದೆ. ಹಿಂದಕ್ಕೆ ತಿರುಗುವ ಹೊತ್ತಿಗೆ ಸರಿಯಾಗಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂದು ಆ ಮಂತ್ರದಲ್ಲಿ ಆಗ ತಾನೇ ಎಲ್ಲರ ಜೊತೆ ಗಟ್ಟಿಯಾಗಿ ಹೇಳಿರುತ್ತಿದ್ದೆ ಬೇರೆ!

ಆಗಿದ್ದು ಇಷ್ಟು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಒಂದು ದಿನ ನನ್ನನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದರು. 'ಖಾತೆ ಬದಲಾವಣೆಗೆ ಕಣೋ' ಎಂದರು. ಓದದೆ ಸಹಿ ಹಾಕಿದೆ. ಅಣ್ಣ ಅಲ್ವಾ! ಅದು ಸೈಟಿನ ಮೇಲಿನ ನನ್ನ ಹಕ್ಕು ಬಿಡುಗಡೆ ಪತ್ರ ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

'ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡು, ನೀನು ಕ್ರೈಸ್ತ ತಾನೇ' ಎಂದು ತುಂಬಾ ಜನ ಬುದ್ಧಿ ಹೇಳಿದರು. ಅದನ್ನು ಕೇಳಿದಾಗ ಅಣ್ಣನ ಮೇಲಿಗಿಂತ ಅವರ ಮೇಲೇ ಜಾಸ್ತಿ ಸಿಟ್ಟು ಬರುತ್ತಿತ್ತು. ಅವರ ಮಾತಿನ ಅರ್ಥ, ನಿನಗೆ ಆಗಿದ್ದು ಅಂಥ ದೊಡ್ಡದೇನಲ್ಲ ಅಂತ ತಾನೇ?

ಬೈಬಲ್ ಹಾಗೆ ಹೇಳುವುದಿಲ್ಲ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡಿ. ಏಳೆಪ್ಪತ್ತು ಸಲ ಕ್ಷಮಿಸು ಎಂಬ ಮಾತು ಇರುವುದು ಅಲ್ಲೇ. ನಾವು ಅದನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಅದಕ್ಕೂ ಮೊದಲು, ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ ಹೋಗು, ನೀವಿಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸು ಅಂತ. ಅಂದರೆ ನುಂಗಿಕೊಂಡು ಸುಮ್ನೆ ಇರು ಅಂತಲ್ಲ. ಊರಿಗೆಲ್ಲ ಹೇಳಿಕೊಂಡು ತಿರುಗು ಅಂತಲೂ ಅಲ್ಲ. ನಾನು ಮಾಡಿದ್ದು ಎರಡನೆಯದನ್ನು.

ಅಧ್ಯಾಯದ ಕೊನೆಗೆ ಸಾಲದ ಕಥೆ ಬರುತ್ತದೆ. ಹತ್ತು ಸಾವಿರ ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಮೊತ್ತ, ಸಾಲ ಮಾಡಿದ್ದ ಸೇವಕನಿಗೆ ರಾಜ ಅಷ್ಟನ್ನೂ ಮನ್ನಾ ಮಾಡುತ್ತಾನೆ. ಅದೇ ಸೇವಕ ಹೊರಗೆ ಬಂದು, ತನಗೆ ನೂರು ಬೆಳ್ಳಿ ನಾಣ್ಯ ಕೊಡಬೇಕಿದ್ದವನ ಕುತ್ತಿಗೆ ಹಿಡಿಯುತ್ತಾನೆ. ಆ ನೂರು ನಾಣ್ಯ ಚಿಲ್ಲರೆ ಕಾಸು ಅಂತಲೇ ನಾನು ಅಂದುಕೊಂಡಿದ್ದೆ. ಅಲ್ಲ. ಆಗ ಒಂದು ನಾಣ್ಯ ಅಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ನೂರು ದಿನದ ಕೂಲಿ ಕಳೆದುಕೊಂಡವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಿನ್ನ ನಷ್ಟ ಸಣ್ಣದು ಎಂದು ಯೇಸು ಹೇಳಲಿಲ್ಲ.

ಪರಲೋಕ ಮಂತ್ರದಲ್ಲೂ, ಮತ್ತಾಯನ ಗ್ರೀಕ್ ಮೂಲ ನೋಡಿದರೆ, ತಪ್ಪು ಅನ್ನುವ ಕಡೆ ಸಾಲ ಅನ್ನುವ ಪದವೇ ಇದೆ. ಸಾಲಮನ್ನಾ ಅಂದರೆ ಏನು ಅಂತ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಎಷ್ಟು ಬಾಕಿ ಅಂತ ಲೆಕ್ಕ ಆಗಬೇಕು. ಸಾಲವೇ ಇರಲಿಲ್ಲ ಅನ್ನುವುದು ಮನ್ನಾ ಅಲ್ಲ. ಮನ್ನಾ ಆದ ಮೇಲೆ ಅದೇ ಮನುಷ್ಯನಿಗೆ ಹೊಸ ಸಾಲ ಕೊಡಬೇಕೋ ಬೇಡವೋ, ಅದು ಬೇರೆ ಮಾತು. ಕ್ಷಮೆಗೂ ರಾಜಿಗೂ ಅಷ್ಟು ದೂರ ಇದೆ. ಕ್ಷಮೆ ಒಬ್ಬರಿಂದ ಆಗುತ್ತದೆ, ರಾಜಿಗೆ ಇಬ್ಬರೂ ಬೇಕು. ದಿನಾ ಹೊಡೆಯುವ ಗಂಡನ ಹತ್ತಿರ ಹೆಣ್ಣುಮಗಳನ್ನು 'ಕ್ಷಮಿಸಮ್ಮ' ಎಂದು ವಾಪಸು ಕಳಿಸುತ್ತಾರಲ್ಲ, ಅದು ಎರಡೂ ಅಲ್ಲ.

ಸಾಲ ಅಂದಾಗ ನನಗೆ ಸಿಸ್ಟರ್ ರಾಣಿ ಮರಿಯಾ ನೆನಪಾಗುತ್ತಾರೆ. ಕೇರಳದ ಪುಲ್ಲುವಳಿಯವರು. ಮಧ್ಯಪ್ರದೇಶದ ಉದಯನಗರದ ಸುತ್ತಮುತ್ತ ಕೂಲಿಕಾರರ, ಬಡ ರೈತರ ನಡುವೆ ಕೆಲಸ ಮಾಡುತ್ತಿದ್ದರು. ಬಡ್ಡಿ ಸಾಹುಕಾರರ ಹಿಡಿತದಿಂದ ಅವರನ್ನು ಬಿಡಿಸಲು ನೋಡಿದರು. ಇದು ಕೆಲವರಿಗೆ ಹಿಡಿಸಲಿಲ್ಲ. 1995ರ ಫೆಬ್ರವರಿ 25. ಇಂದೋರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದರು. ಸಮಂದರ್ ಸಿಂಗ್ ಎಂಬ ಯುವಕ ಜನರ ಕಣ್ಣೆದುರೇ ಚಾಕು ಹಾಕಿದ. ಮೈಮೇಲೆ ಐವತ್ತಕ್ಕೂ ಹೆಚ್ಚು ಗಾಯ. ಆಗ ಅವರಿಗೆ 41 ವರ್ಷ.

ಅವರ ತಂಗಿ ಸೆಲ್ಮಿ ಪೌಲ್ ಕೂಡ ಕನ್ಯಾಸ್ತ್ರೀ. 2002ರಲ್ಲಿ ರಕ್ಷಾಬಂಧನದ ಸಮಯದಲ್ಲಿ ಅವರು ಜೈಲಿಗೆ ಹೋಗಿ, ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿದರು. ಚಾಕು ಹಿಡಿದಿದ್ದ ಕೈ. ಈ ಕಥೆ ಹೇಳುವವರು ಕೊಲೆಯಿಂದ ನೇರವಾಗಿ ರಾಖಿಗೆ ಹಾರಿಬಿಡುತ್ತಾರೆ. ನನಗೆ ನಡುವಿನ ಏಳು ವರ್ಷವೇ ಮುಖ್ಯ ಅನ್ನಿಸುತ್ತದೆ. ಆ ಏಳು ವರ್ಷವೂ ಅವನು ಜೈಲಿನಲ್ಲೇ ಇದ್ದ, ಕಾನೂನು ತನ್ನ ಕೆಲಸ ಮಾಡುತ್ತಲೇ ಇತ್ತು. ರಾಖಿ ಕಟ್ಟಿದ ತಕ್ಷಣ ಬಾಗಿಲು ತೆರೆಯಲಿಲ್ಲ. ಆಮೇಲೆ ಅವನ ಬಿಡುಗಡೆಗೆ ಸಿಸ್ಟರ್ ಮನೆಯವರೇ ಒಪ್ಪಿಗೆ ಕೊಟ್ಟರು. 2006ರಲ್ಲಿ ಹೊರಗೆ ಬಂದ. ಮರುವರ್ಷ ಪುಲ್ಲುವಳಿಗೆ ಹೋಗಿ ಸಿಸ್ಟರ್ ಮನೆಯವರ ಮುಂದೆ ನಿಂತ. ಸಿಸ್ಟರ್ ತಾಯಿ ಏಲೀಶ್ವಾ ಅವನ ಕೈಗಳಿಗೆ ಮುತ್ತಿಟ್ಟಿದ್ದೂ ಉಂಟು. ಮಗಳ ರಕ್ತ ಹತ್ತಿದ್ದ ಕೈಗಳು ಅವು, ಅದಕ್ಕೇ. ಸಾಲವೇ ಇರಲಿಲ್ಲ ಎಂದು ಆ ತಾಯಿ ಹೇಳಲಿಲ್ಲ ನೋಡಿ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆ (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಎಂದು ಘೋಷಿಸಿದಾಗ ಸಮಂದರ್ ಸಿಂಗ್ ಕೂಡ ಅಲ್ಲಿದ್ದ.

ಇಷ್ಟು ದೊಡ್ಡದರ ಪಕ್ಕದಲ್ಲಿ ನನ್ನ ಸೈಟಿನ ಕಥೆ ಹೇಳಲು ನಾಚಿಕೆ. ಆದರೂ ಹೇಳುತ್ತೇನೆ, ಅರ್ಧ ಹೇಳಿ ಬಿಟ್ಟರೆ ನೀವು ಕೇಳುತ್ತೀರಿ. ಹೋದ ವರ್ಷ ಮಳೆಗಾಲದಲ್ಲಿ ಅಣ್ಣನನ್ನು ಒಬ್ಬರನ್ನೇ ಹೋಟೆಲಿಗೆ ಕರೆದೆ. ಕಾಫಿ ಬಂತು. ಅಂದು ಸಹಿ ಹಾಕಿಸಿಕೊಂಡಿದ್ದು ಮೋಸ ಅಂತ ನೇರವಾಗಿ ಹೇಳಿದೆ. ಕೈ ನಡುಗುತ್ತಿತ್ತು, ಲೋಟ ಕೆಳಗಿಟ್ಟೆ. ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, 'ಅಪ್ಪನ ಆಸ್ಪತ್ರೆ ಬಿಲ್ಲು ಯಾರು ಕಟ್ಟಿದ್ದು, ಒಂದು ದಿನ ಕೇಳಿದ್ಯಾ?'

ಕೇಳಿರಲಿಲ್ಲ. ನಾಲ್ಕು ವರ್ಷದಿಂದ ನಾನು ಬರೆದಿಟ್ಟುಕೊಂಡಿದ್ದ ಲೆಕ್ಕದಲ್ಲಿ ಆ ಪುಟವೇ ಇರಲಿಲ್ಲ.

'ಹೇಳಿ ಹಾಕಿಸಿಕೋಬೇಕಿತ್ತು, ತಪ್ಪಾಯ್ತು' ಎಂದರು, ಮುಖ ನೋಡದೆ. ಕಾಫಿ ಬಿಲ್ಲು ನಾನೇ ಕೊಡುತ್ತೇನೆ ಎಂದರೆ ಬಿಡಲಿಲ್ಲ, ಅದರಲ್ಲೂ ಹಟ. ಸೈಟು ಅವರ ಹೆಸರಿನಲ್ಲೇ ಇದೆ. ಈಗ ಅಣ್ಣ ಯಾವ ಕಾಗದ ಕೊಟ್ಟರೂ ನಾನು ಪೂರ್ತಿ ಓದಿಯೇ ಸಹಿ ಹಾಕುವುದು. ಅವರಿಗೂ ಅದು ಗೊತ್ತು.

ಕಳೆದ ಭಾನುವಾರ ಶಾಂತಿ ಹಂಚಿಕೊಳ್ಳುವಾಗ ಕನ್ನಡಕ ತೆಗೆಯಲಿಲ್ಲ. ಹಿಂದಕ್ಕೆ ತಿರುಗಿದೆ. ಅಣ್ಣ ಕೈ ಮುಗಿದರು, ನಾನೂ ಮುಗಿದೆ. ಪೂಜೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ, 'ಮನೆ ಕಡೆ ಬಾರೋ, ನಿಮ್ಮತ್ತಿಗೆ ಕೇಳ್ತಿದ್ದಳು' ಎಂದರು. 'ನೋಡ್ತೀನಿ' ಎಂದು ಬಂದೆ. ಇನ್ನೂ ಹೋಗಿಲ್ಲ. ಈ ವಾರ ಹೋಗಬೇಕು ಅಂತಿದ್ದೇನೆ.

ನಮಸ್ಕಾರ.