ಕನ್ನಡಿಯೊಳಗಿನ ನಕ್ಷತ್ರ

ಈಗ ನೀವು ನೋಡುತ್ತಿರುವ ನಡುಗುವ ಕೈ ನನ್ನದೇ. ನಗುವವರು ನಗಬಹುದು. ಜೋಡಿ ಗೆರೆಯಲ್ಲಿ ಬರೆದ ಒಂದು ನಕ್ಷತ್ರವಿದೆ. ಆ ಗೆರೆಗಳ ನಡುವೆಯೇ ಪೆನ್ಸಿಲ್ ಓಡಿಸಬೇಕು, ಅಷ್ಟೇ. ಆದರೆ ಕಾಗದವನ್ನು ನೇರವಾಗಿ ನೋಡುವಂತಿಲ್ಲ. ಕಣ್ಣಿಗೆ ರಟ್ಟಿನ ಮರೆ, ಎದುರಿಗೆ ಕನ್ನಡಿ. ಮೊದಲ ಮೂಲೆ ತಿರುಗುವಲ್ಲಿ ಕೈ ಹಟಮಾರಿ ಎತ್ತಿನ ಹಾಗೆ ನಿಂತುಬಿಡುತ್ತದೆ. ಈ ಕಡೆ ಹೋಗು ಎಂದರೆ ಆ ಕಡೆಗೇ ಹೋಗುತ್ತದೆ. ಗೆರೆ ದಾಟಿದಾಗಲೆಲ್ಲ ಒಂದು ತಪ್ಪು. ಮನಃಶಾಸ್ತ್ರ ಓದಿದವರಿಗೆ ಪ್ರಾಕ್ಟಿಕಲ್ ತರಗತಿಯ ಈ ಕನ್ನಡಿ ಚಿತ್ರದ ಪ್ರಯೋಗ ನೆನಪಾಗಿರಬೇಕು.

ಈ ನಕ್ಷತ್ರವೇ ನನ್ನನ್ನು ಇವತ್ತು ಮೈಸೂರಿನ ಮಹಾರಾಜ ಕಾಲೇಜಿಗೆ ಕರೆತಂದಿತು. 1924ರಲ್ಲಿ ಇಲ್ಲಿ ಮನಃಶಾಸ್ತ್ರ ವಿಭಾಗವನ್ನೂ ಪ್ರಯೋಗಾಲಯವನ್ನೂ ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಭಾರತದಲ್ಲಿ ಅದಕ್ಕಿಂತ ಮೊದಲು ಶುರುವಾದದ್ದು 1916ರ ಕಲ್ಕತ್ತದ ವಿಭಾಗ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಬ್ರಜೇಂದ್ರನಾಥ ಶೀಲರು. ಕಲ್ಕತ್ತದಲ್ಲಿ ಪ್ರಾಯೋಗಿಕ ಮನಃಶಾಸ್ತ್ರದ ಪಠ್ಯಕ್ರಮ ರೂಪಿಸಿದವರೂ ಅವರೇ. ಇಂಥ ಕುಲಪತಿ ಇದ್ದಾಗ ಪ್ರಯೋಗಾಲಯ ಏಕೆ ಬೇಕು ಎಂದು ವಿವರಿಸುವ ಕಷ್ಟ ಗೋಪಾಲಸ್ವಾಮಿಯವರಿಗೆ ಅಷ್ಟಾಗಿ ಬಂದಿರಲಾರದು.

ಅವರು ಓದಿ ಬಂದದ್ದು ಲಂಡನ್ನಿನಲ್ಲಿ, ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ. ಎಲ್ಲ ಬಗೆಯ ಜಾಣತನದ ಹಿಂದೆಯೂ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದು 1904ರಲ್ಲೇ ಲೆಕ್ಕ ಹಾಕಿ ವಾದಿಸಿದವರು ಸ್ಪಿಯರ್‌ಮನ್. ಹಾಗಾದರೆ ಕೈಯ ಕೆಲಸ ಕಲಿಯುವುದರಲ್ಲಿ ಬುದ್ಧಿಯ ಪಾಲೆಷ್ಟು? ಶಿಷ್ಯ ಹಿಡಿದ ಪ್ರಶ್ನೆ ಇದು. ಅದನ್ನು ಅಳೆಯಲು ಆರಿಸಿಕೊಂಡದ್ದು ಇದೇ ಕನ್ನಡಿ ಚಿತ್ರ. ಆ ಪ್ರಬಂಧ ಅಚ್ಚಾದದ್ದೂ 1924ರಲ್ಲಿ. ಬುದ್ಧಿಯನ್ನೆಲ್ಲ ಒಂದು ಅಂಕಿಯೊಳಗೆ ತುಂಬುವುದನ್ನು ನಾನಂತೂ ಒಪ್ಪುವುದಿಲ್ಲ. ಆದರೆ ಪ್ರಶ್ನೆ ಸೊಗಸಾಗಿದೆ.

ಮೈಸೂರಿಗೆ ಬಂದ ಮೇಲೆ ಪಶ್ಚಿಮದ ಬುದ್ಧಿ ಪರೀಕ್ಷೆಗಳನ್ನು ಇಲ್ಲಿಯವರಿಗೆ ಹೊಂದಿಸುವ ಕೆಲಸಕ್ಕೆ ಕೈಹಾಕಿದರು. ಬರೀ ಅನುವಾದ ಸಾಲದು. ಪ್ಯಾರಿಸ್ಸಿನ ಮಗು ದಿನಾ ನೋಡುವ ವಸ್ತುವನ್ನು ನಂಜನಗೂಡಿನ ಮಗು ಕಂಡೇ ಇರದಿದ್ದರೆ, ಅಳೆದದ್ದು ಬುದ್ಧಿಯನ್ನೋ ಮನೆಯ ಸಾಮಾನನ್ನೋ? ಫ್ರಾನ್ಸಿನ ಆಲ್ಫ್ರೆಡ್ ಬಿನೆ ರೂಪಿಸಿದ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ ವಿ. ವಿ. ಕಾಮತರ ಕೆಲಸವೂ 1930ರ ದಶಕದ್ದೇ.

ಆದರೆ ಮೈಸೂರಿನಲ್ಲಿ ಗೋಪಾಲಸ್ವಾಮಿ ಎಂದರೆ ಜನರಿಗೆ ನೆನಪಾಗುವುದು ರೇಡಿಯೋ. 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟ್‌ನ ಪುಟ್ಟ ಯಂತ್ರವಿಟ್ಟುಕೊಂಡು ಪ್ರಸಾರ ಆರಂಭಿಸಿದರು. ಆ ನಿಲಯದ ಹೆಸರೇ ಆಕಾಶವಾಣಿ! ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ನಕ್ಷತ್ರ ಮಾತ್ರ ಪ್ರಾಕ್ಟಿಕಲ್ ರೆಕಾರ್ಡಿನೊಳಗೇ ಉಳಿಯಿತು. ನನಗೆ ಅದೇ ಬೇಸರ.

ಇರಲಿ, ಬಲಗೈಯಲ್ಲಿ ಇದು ಐದನೆಯ ಸುತ್ತು. ಮೊದಲ ಸುತ್ತಿನಲ್ಲಿ ತಪ್ಪುಗಳ ಲೆಕ್ಕವೇ ಕೈಬಿಟ್ಟು ಹೋಗಿತ್ತು. ಈಗ ನಾಲ್ಕೇ ನಾಲ್ಕು. ಬಲಗೈ ಕಲಿತದ್ದರಲ್ಲಿ ಸ್ವಲ್ಪ ಎಡಗೈಗೂ ದಾಟಿರುತ್ತದಂತೆ. ಪೆನ್ಸಿಲ್ ಕೈ ಬದಲಾಯಿಸಿದೆ. ನೋಡೋಣ.