ಬಸ್ ತಂಗುದಾಣದ ಲೆಕ್ಕ: ‘ಇಲ್ಲ’ ಎಂದು ಯಾವಾಗ ಬರೆಯಬೇಕು?

ಕೇಳುಗರಿಗೆ ನಮಸ್ಕಾರ.

ಯಾವ ಬಸ್ ಸ್ಟಾಪಿನಲ್ಲಿ ನೆರಳಿದೆ, ಎಲ್ಲಿ ಕೂರಲು ಜಾಗವಿದೆ, ಎಲ್ಲಿ ಬರೀ ಒಂದು ಕಂಬ ನಿಂತಿದೆ ಎಂಬ ಪಟ್ಟಿ ಬೆಂಗಳೂರಿನಂಥ ಊರಿಗೆ ಬೇಕೇ ಬೇಕು. ಪ್ರತಿ ಸ್ಟಾಪಿಗೂ ಜನರನ್ನು ಕಳಿಸಿ ಬರೆಸುವುದು ದುಬಾರಿ, ನಿಧಾನ. ಅದಕ್ಕೇ ರಸ್ತೆಯುದ್ದಕ್ಕೂ ತೆಗೆದ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ ತಂಗುದಾಣ, ಆಸನ, ಫಲಕ, ಕಸದ ಬುಟ್ಟಿಗಳನ್ನು ಗುರುತಿಸುವ ವಿಧಾನ ಬಂದಿದೆ.

ಕಸದ ಬುಟ್ಟಿಯನ್ನು ಯಾಕೆ ಲೆಕ್ಕ ಹಾಕಬೇಕು ಎನ್ನಿಸಬಹುದು. ಕಣ್ಣು ಕಾಣದವರು ಸ್ಟಾಪನ್ನು ಪತ್ತೆ ಹಚ್ಚುವುದೇ ಇಂಥ ಗುರುತುಗಳಿಂದ. ಕೋಲು ಬೆಂಚಿಗೆ ತಾಗಿದರೆ ಸ್ಟಾಪ್ ಸಿಕ್ಕಿತು ಎಂದರ್ಥ. 2013ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೊತಾರೊ ಹಾರಾ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿದರು. ಹೆಚ್ಚು ತರಬೇತಿಯಿಲ್ಲದ ಜನರಿಗೆ 150 ಸ್ಟಾಪುಗಳ ಗೂಗಲ್ ಸ್ಟ್ರೀಟ್ ವ್ಯೂ ಚಿತ್ರ, ಅಂದರೆ ಗೂಗಲ್ ನಕ್ಷೆಯಲ್ಲಿ ಸಿಗುವ ಬೀದಿಯ ಚಿತ್ರ ತೋರಿಸಿ ಗುರುತು ಹಾಕಿಸಿದಾಗ ಶೇ. 82.5ರಷ್ಟು ಸರಿ ಬಂತು. ಸರಳ ತಪಾಸಣೆ ಸೇರಿಸಿದ ಮೇಲೆ ಶೇ. 87.3 ಆಯಿತು. ಮನುಷ್ಯರ ಕಣ್ಣಿಗೇ ಇಷ್ಟು ತಪ್ಪುವಾಗ ಯಂತ್ರದ ಉತ್ತರವನ್ನು ಹಾಗೇ ನಂಬುವಂತಿಲ್ಲ.

ಮೊದಲು ಚಿತ್ರದ ಮೂಲ. ಬೆಂಗಳೂರಿನ ಸ್ಟ್ರೀಟ್ ವ್ಯೂ 2022ರಿಂದ ಸಿಗುತ್ತಿದೆ. ಆದರೆ ಆ ಚಿತ್ರಗಳನ್ನು ರಾಶಿಗಟ್ಟಲೆ ಇಳಿಸಿ ಪಟ್ಟಿ ಕಟ್ಟಲು ಗೂಗಲ್ ನಿಯಮ ಬಿಡುವುದಿಲ್ಲ. ಜನರೇ ತೆಗೆದ ಬೀದಿ ಚಿತ್ರಗಳನ್ನು ಹಾಕುವ ಮ್ಯಾಪಿಲರಿ ಎಂಬ ಜಾಲತಾಣದ ಚಿತ್ರಗಳಿಗೆ ಮುಕ್ತ ಪರವಾನಗಿ ಇದೆ. ಅಲ್ಲಿ ಇಲ್ಲದ ಬೀದಿಗೆ ಸ್ಕೂಟರ್ ಮೇಲೆ ಕ್ಯಾಮೆರಾ ಕಟ್ಟಿಕೊಂಡು ನೀವೇ ಹೋಗಿಬರಬಹುದು. ನಮ್ಮಲ್ಲಿ ವಾಹನ ಎಡಕ್ಕೆ ಓಡುವುದರಿಂದ ಸ್ಟಾಪ್ ಎಡಕ್ಕೇ ಇರುತ್ತದೆ. ನೇರ ಮುಂದಕ್ಕೆ ನೋಡುವ ಕ್ಯಾಮೆರಾದಲ್ಲಿ ಅದು ಚೌಕಟ್ಟಿನ ಅಂಚಿಗೆ ಸರಿದು ಮಾಯವಾಗುತ್ತದೆ. ಸ್ಟಾಪಿಗೆ 25ರಿಂದ 10 ಮೀಟರ್ ಮೊದಲಿನ ಚಿತ್ರಗಳೇ ಬೇಕು. ಎದುರು ದಿಕ್ಕಿನಿಂದ ತೆಗೆದದ್ದಾದರೆ ನಡುವಿನ ವಿಭಜಕದ ಬೇಲಿ, ಗಿಡ, ಮೆಟ್ರೊ ಕಂಬ ಅಡ್ಡ ಬರುತ್ತವೆ.

ಇನ್ನು ಕಲಿಸುವ ಕೆಲಸ. ಯೋಲೊದಂಥ ವಸ್ತು ಗುರುತಿಸುವ ಮಾದರಿಗಳು, ಅಂದರೆ ಚಿತ್ರ ನೋಡಿ ಕಲಿತ ಕಂಪ್ಯೂಟರ್ ಪ್ರೋಗ್ರಾಮುಗಳು, ಸಾಮಾನ್ಯವಾಗಿ 80 ವಸ್ತುಗಳನ್ನು ಕಲಿತೇ ಬರುತ್ತವೆ. ಅವುಗಳಲ್ಲಿ ಬೆಂಚಿದೆ, ಬಸ್ಸಿದೆ, ತಂಗುದಾಣ ಇಲ್ಲ. ಅದನ್ನು ನಾವೇ ಚಿತ್ರದಲ್ಲಿ ಸುತ್ತ ಚೌಕ ಹಾಕಿ ತೋರಿಸಿ ಕಲಿಸಬೇಕು. ಸಾವಿರದೈನೂರು, ಎರಡು ಸಾವಿರ ಚಿತ್ರಗಳಿಂದ ಶುರು ಮಾಡಿದರೆ ಸಾಕು, ಆದರೆ ಬೀಡಾ ಅಂಗಡಿಯ ತಗಡಿನ ಚಾವಣಿ, ಎಟಿಎಂ ಮುಂದಿನ ಮಾಡು, ಹೂವಿನವರ ನೀಲಿ ಟಾರ್ಪಾಲು ಇರುವ ಚಿತ್ರಗಳನ್ನೂ ಚೌಕ ಹಾಕದೆ ಸೇರಿಸಿ. ಇಲ್ಲದಿದ್ದರೆ ಮಾದರಿಗೆ ನೆರಳು ಕೊಡುವುದೆಲ್ಲ ತಂಗುದಾಣವೇ. ಉಕ್ಕಿನ ಕೊಳವೆ ಜೋಡಿಸಿ ಮಾಡಿದ ಆಸನಗಳು ಅದಕ್ಕೆ ಬೇಲಿಯಂತೆ ಕಾಣುತ್ತವೆ. ಅವುಗಳ ಚಿತ್ರ ಹೆಚ್ಚು ಕೊಡಬೇಕು. ಪರೀಕ್ಷೆಗೆ ಎತ್ತಿಡುವ ಚಿತ್ರಗಳನ್ನು ರಸ್ತೆವಾರು ಬೇರ್ಪಡಿಸಿ. ಒಂದೇ ಸ್ಟಾಪಿನ ಎರಡು ಚಿತ್ರ ಕಲಿಕೆಗೆ, ಎರಡು ಪರೀಕ್ಷೆಗೆ ಹೋದರೆ ಅಂಕ ಚೆನ್ನಾಗಿ ಬರುತ್ತದೆ, ಹೊಸ ಬಡಾವಣೆಯಲ್ಲಿ ಮಾದರಿ ಮುಗ್ಗರಿಸುತ್ತದೆ.

ಕಣ್ಣು ಕಾಣದವರಿಗೆ ದಾರಿ ತಿಳಿಯಲೆಂದು ಫುಟ್‌ಪಾತಿನಲ್ಲಿ ಹಾಕುವ ಹಳದಿ ಉಬ್ಬು ಟೈಲುಗಳದ್ದು ಬೇರೆಯೇ ಕಷ್ಟ. 640 ಪಿಕ್ಸೆಲ್ ಅಗಲದ ಚಿತ್ರ 90 ಡಿಗ್ರಿ ನೋಟವನ್ನು ಹಿಡಿದಿದೆ ಎಂದುಕೊಳ್ಳಿ. ಹತ್ತು ಮೀಟರ್ ದೂರದ, 30 ಸೆಂಟಿಮೀಟರ್ ಚೌಕದ ಟೈಲು ಅದರಲ್ಲಿ ಸುಮಾರು ಹತ್ತು ಪಿಕ್ಸೆಲ್ ಅಗಲವಿರುತ್ತದೆ. ಕ್ಯಾಮೆರಾ ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ, ಓರೆ ನೋಟದಿಂದಾಗಿ ಚಿತ್ರದಲ್ಲಿ ಟೈಲಿನ ಎತ್ತರ ಬರೀ ಎರಡು-ಮೂರು ಪಿಕ್ಸೆಲ್. ಅಷ್ಟರಲ್ಲಿ ಉಬ್ಬು ಕಾಣುವುದೆಲ್ಲಿ? ಸಾದಾ ಹಳದಿ ಇಂಟರ್‌ಲಾಕ್ ಕಲ್ಲಿಗೂ ಅದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಮೂಲ ಗಾತ್ರದ ಚಿತ್ರದಿಂದ 30 ಡಿಗ್ರಿ ಮಾತ್ರ ಕತ್ತರಿಸಿ ಅದೇ 640 ಪಿಕ್ಸೆಲ್ಲಿಗೆ ತಂದರೆ ಟೈಲು 36 ಪಿಕ್ಸೆಲ್ ಅಗಲ, ಒಂಬತ್ತು ಎತ್ತರ ಆಗುತ್ತದೆ, ಆಗ ನೋಡಬಹುದು.

ಈಗ ಇಡೀ ಕೆಲಸದ ಕೀಲು ಎಲ್ಲಿದೆ ಹೇಳುತ್ತೇನೆ. ಚಿತ್ರದಲ್ಲಿ ಆಸನ ಕಾಣಲಿಲ್ಲ ಎಂದ ಮಾತ್ರಕ್ಕೆ ಆಸನ ಇಲ್ಲ ಎಂದು ಬರೆಯಬಾರದು. ಮುಂದೆ ಬಸ್ ನಿಂತಿರಬಹುದು, ನಾಲ್ಕು ಆಟೊ ಸಾಲಾಗಿರಬಹುದು, ಕೂತ ಜನರೇ ಬೆಂಚನ್ನು ಮುಚ್ಚಿರಬಹುದು. ಆದ್ದರಿಂದ ಪ್ರತಿ ಅಂಕಣದಲ್ಲೂ ಮೂರು ಉತ್ತರ ಇರಲಿ: ಇದೆ, ಇಲ್ಲ, ಗೊತ್ತಿಲ್ಲ. ಬಸ್ ಮಾಹಿತಿ ಹಂಚಿಕೊಳ್ಳುವ ಜಿಟಿಎಫ್‌ಎಸ್ ಕಡತದಲ್ಲಿ ಗಾಲಿಕುರ್ಚಿಯ ಅಂಕಣ ಹೀಗೇ ಇದೆ: ಸೊನ್ನೆ ಎಂದರೆ ಮಾಹಿತಿಯಿಲ್ಲ, ಒಂದು ಎಂದರೆ ಹತ್ತಬಹುದು, ಎರಡು ಎಂದರೆ ಆಗದು. ‘ಇಲ್ಲ’ ಎನ್ನಲು ಬೇರೆ ಬೇರೆ ಕೋನದ, ಅಡ್ಡಿಯಿಲ್ಲದ ಎರಡು ಚಿತ್ರಗಳಾದರೂ ಬೇಕು, ಒಬ್ಬ ಮನುಷ್ಯ ನೋಡಿ ಒಪ್ಪಿರಬೇಕು. ಅಡ್ಡಿ ಹುಡುಕಲು 80 ವಸ್ತು ಕಲಿತು ಬಂದ ಅದೇ ಸಾಮಾನ್ಯ ಮಾದರಿ ನೆರವಾಗುತ್ತದೆ: ಸ್ಟಾಪ್ ಇರಬೇಕಾದ ಭಾಗದ ಮೂರನೇ ಒಂದು ಪಾಲನ್ನು ಬಸ್ಸೋ ಲಾರಿಯೋ ಮುಚ್ಚಿದ್ದರೆ ಆ ಚಿತ್ರ ಕೈಬಿಡಿ. ‘ಇದೆ’ ಎನ್ನಲು ಮಾದರಿಯ ವಿಶ್ವಾಸಾಂಕ (ತನ್ನ ಉತ್ತರ ಎಷ್ಟು ಖಚಿತ ಎಂದು ಅದು ಸೊನ್ನೆಯಿಂದ ಒಂದರೊಳಗೆ ಕೊಡುವ ಅಂಕ) 0.6 ದಾಟಲಿ; 0.25ರಿಂದ 0.6ರ ನಡುವಿನವು ಮನುಷ್ಯರ ಮುಂದೆ ಬರಲಿ. ಈ ಗಡಿಗಳನ್ನು ನಿಮ್ಮ ಪರೀಕ್ಷೆಯ ಚಿತ್ರಗಳ ಮೇಲೆ ನೋಡಿ ತಿದ್ದಿಕೊಳ್ಳಬೇಕು.

ಎದುರುಬದುರಿನ ಎರಡು ಸ್ಟಾಪಿಗೆ ಒಂದೇ ಹೆಸರಿರುವುದು ಇನ್ನೊಂದು ತೊಡಕು. ಮೇಲ್ಸೇತುವೆ ಕೆಳಗೆ ಜಿಪಿಎಸ್ ಹತ್ತು ಮೀಟರ್ ಅತ್ತಿತ್ತ ಸರಿದರೆ ಈ ಬದಿಯ ಬೆಂಚು ಆ ಬದಿಯ ಸ್ಟಾಪಿನ ಲೆಕ್ಕಕ್ಕೆ ಹೋಗುತ್ತದೆ. ದೂರವನ್ನಷ್ಟೇ ನೋಡದೆ ವಾಹನ ಹೋಗುತ್ತಿದ್ದ ದಿಕ್ಕಿಗೆ ಬೆಂಚು ಎಡಕ್ಕಿದೆಯೇ ಎಂದೂ ಪರಿಶೀಲಿಸಿ.

ಪ್ರತಿ ಉತ್ತರದ ಪಕ್ಕ ಚಿತ್ರ ತೆಗೆದ ದಿನಾಂಕ ಇರಲಿ. ಹೊರ ವರ್ತುಲ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆಯುವಂಥ ಕಡೆ ಹಳೆಯ ಚಿತ್ರ ಇಂದಿನ ಸ್ಟಾಪನ್ನು ತೋರಿಸದು; ಅಂಥವನ್ನೂ ‘ಗೊತ್ತಿಲ್ಲ’ಕ್ಕೆ ಹಾಕಿ.

ಕೊನೆಗೆ ‘ಗೊತ್ತಿಲ್ಲ’ ಎಂದು ಉಳಿದ ಸ್ಟಾಪುಗಳಿಗೆ ಮೊದಲು ಜನರನ್ನು ಕಳಿಸಿ. ದೀಪದ ಕಂಬ ಹಗಲಿನ ಚಿತ್ರದಲ್ಲಿ ಕಾಣುತ್ತದೆ, ಬಲ್ಬು ಉರಿಯುತ್ತದೆಯೋ ಇಲ್ಲವೋ ಕಾಣದು. ಅದಕ್ಕೆ ಕತ್ತಲಾದ ಮೇಲೇ ಹೋಗಬೇಕು. ಜೊತೆಗೊಂದು ಟೇಪು ಒಯ್ಯಲಿ: ಫುಟ್‌ಪಾತಿನ ಅಂಚು ರಸ್ತೆಯಿಂದ ಎಷ್ಟು ಸೆಂಟಿಮೀಟರ್ ಎತ್ತರವಿದೆ, ಆಸನದ ಮುಂದೆ ಗಾಲಿಕುರ್ಚಿ ಹಾಯಲು ಎಷ್ಟು ಜಾಗವಿದೆ ಎಂದು ಅಳೆದು ಅದೇ ಪಟ್ಟಿಗೆ ಸೇರಿಸಲಿ.

ನಮಸ್ಕಾರ.